ಮನೆಗೆ ಒಂದೇ ಭಾಷೆ

ಜೂನ್ 14, ಶನಿವಾರ

ಕೊನೆಗೂ ಸೀಟು ಸಿಕ್ಕಿತು. ಕಾಲೇಜಿನ ಸೀಟಲ್ಲ, ಮಗಳು ಚಂದನಳಿಗೆ ಮಾತು ಕಲಿಸುವ ಸೀಟು. ಕೋಲಾರದಲ್ಲಿ ಒಂದು ಟ್ರಸ್ಟಿನವರು ನಡೆಸುವ ಸೆಂಟರಿನಲ್ಲಿ ಶನಿವಾರ ಶನಿವಾರ ಮುಕ್ಕಾಲು ಗಂಟೆ. ಹೆಸರು ಬರೆಸಿ ಏಳು ತಿಂಗಳಾಗಿತ್ತು. ಅದಕ್ಕೆ ಮುಂಚೆ ಮುಳಬಾಗಿಲಿನಲ್ಲಿ ವಿಚಾರಿಸಿದೆವು, ನನ್ನ ಗಂಡ ಕದಿರೇಶ್ ಕಂಡಕ್ಟರ್ ಆಗಿರುವ ಶ್ರೀನಿವಾಸಪುರದಲ್ಲಿ ವಿಚಾರಿಸಿದೆವು, ನನ್ನ ತವರು ಮಾಲೂರಿನಲ್ಲಿ ಅಣ್ಣ ವಿಚಾರಿಸಿದ. ಎಲ್ಲ ಕಡೆಯೂ ಒಂದೇ ಉತ್ತರ: ಕೋಲಾರಕ್ಕೆ ಹೋಗಿ, ಇಲ್ಲದಿದ್ದರೆ ಬೆಂಗಳೂರಿಗೆ ಹೋಗಿ. ಬೆಂಗಳೂರಿನ ಡಾಕ್ಟರು ಹೋದ ವರ್ಷ ಆಟಿಸಂ ಎಂದು ಬರೆದುಕೊಟ್ಟು, ವಾರಕ್ಕೆ ಮೂರು ಸಲ ಕರೆದುಕೊಂಡು ಬನ್ನಿ ಎಂದಿದ್ದರು. ತಾಯಲೂರಿನಾಚೆಯ ನಮ್ಮ ಹಳ್ಳಿಯಿಂದ ವಾರಕ್ಕೆ ಮೂರು ಸಲ ಬೆಂಗಳೂರಿಗೆ ಹೋಗುವವಳು ರೇಷ್ಮೆ ಹುಳು ಸಾಕುವ ಹಾಗಿಲ್ಲ, ಮನೆ ನೋಡುವ ಹಾಗಿಲ್ಲ, ಮಲಗುವ ಹಾಗೂ ಇಲ್ಲ.

ಸೆಂಟರಿನ ಮೇಡಂ ಹೆಸರು ಆಶಾರಾಣಿ. ಬೆಂಗಳೂರಿನಿಂದ ಶನಿವಾರ ಮಾತ್ರ ಬರುತ್ತಾರೆ. ಒಂದೇ ದಿನದಲ್ಲಿ ಹದಿನಾಲ್ಕು ಮಕ್ಕಳು. ನಮ್ಮ ಸರದಿ ಬರುವ ಹೊತ್ತಿಗೆ ಅವರ ಗಂಟಲು ಕಟ್ಟಿಹೋಗಿತ್ತು. ಎರಡು ವಾರ ಸತತವಾಗಿ ತಪ್ಪಿಸಿದರೆ ಸೀಟು ಮುಂದಿನ ಮಗುವಿಗೆ ಹೋಗುತ್ತದೆ ಎಂದು ಮೊದಲೇ ಹೇಳಿದರು. ಆಮೇಲೆ ಕೇಳಿದರು, "ಮನೇಲಿ ಯಾವ್ ಭಾಷೆ ಮಾತಾಡ್ತೀರಮ್ಮ?"

"ನಾನು ಕನ್ನಡ. ನಮ್ಮತ್ತೆ ತೆಲುಗು. ನಮ್ ಮನೆಯವ್ರು ಎರಡೂ."

"ಐದು ವರ್ಷ ಆದ್ರೂ ಮಾತು ಬಂದಿಲ್ಲ, ಮನೇಲಿ ಎರಡು ಭಾಷೆ ಬೇರೆ. ಮಗುಗೆ ಗೊಂದಲ ಆಗುತ್ತೆ. ಒಂದೇ ಇಟ್ಕೊಳಿ. ಯಾವ್ದು ಇವ್ಳಿಗೆ ಚೆನ್ನಾಗಿ ಅರ್ಥ ಆಗುತ್ತೆ?"

"ಕನ್ನಡ" ಅಂದೆ. ಯೋಚಿಸುವುದೇನಿದೆ? ಹೆತ್ತವಳ ಮಾತು ಕನ್ನಡ, ಅಂಗನವಾಡಿ ಕನ್ನಡ, ಮುಂದೆ ಶಾಲೆಯೂ ಕನ್ನಡವೇ.

"ಹಾಗಾದ್ರೆ ಎಲ್ಲರೂ ಕನ್ನಡದಲ್ಲೇ ಮಾತಾಡಿ. ಆರು ತಿಂಗಳು ನೋಡಣ" ಎಂದು ಒಂದು ನೋಟ್‌ಬುಕ್ ಕೊಟ್ಟರು. ಚಂದನ ದಿನಕ್ಕೆ ಎಷ್ಟು ಮಾತು ಆಡಿದಳು, ಯಾವ ಮಾತು ಎಂದು ಅದರಲ್ಲಿ ಬರೆಯಬೇಕು. ಅದು ಮೇಡಂಗೆ ತೋರಿಸುವ ಪುಸ್ತಕ. ಇದು ಕದಿರೇಶ್‌ಗೆ ಯೂನಿಯನ್‌ನವರು ಕೊಟ್ಟ ಡೈರಿ, ಯಾರಿಗೂ ತೋರಿಸುವುದಲ್ಲ. ಮಧ್ಯಾಹ್ನ ಹುಳುಗಳಿಗೆ ಸೊಪ್ಪು ಹಾಕಿ ಬಂದ ಮೇಲೆ ನನಗೂ ಹತ್ತು ನಿಮಿಷ ಬೇಕಲ್ಲ.

ಬರುವಾಗ ಮುಳಬಾಗಿಲು ಬಸ್ಸಿನಲ್ಲಿ ಹಾರ್ನ್ ಹೊಡೆದಾಗಲೆಲ್ಲ ಚಂದನ ಕಿವಿ ಮುಚ್ಚಿಕೊಂಡು ಕಿರುಚಿದಳು. ಪಕ್ಕದ ಸೀಟಿನವಳು "ಪಾಪ, ಬಾಯ್ ಬರಲ್ವಾ ಮಗೂಗೆ?" ಎಂದು ಕೇಳಿದಳು. ನಿಮಗೆ ಬರುತ್ತಲ್ಲ, ಅಷ್ಟು ಸಾಕು ಅಂದೆ. ಆಮೇಲೆ ಮುಳಬಾಗಿಲಿನವರೆಗೂ ಅವಳು ಕಿಟಕಿಯ ಕಡೆ ತಿರುಗಿಯೇ ಕೂತಿದ್ದಳು.

ಜೂನ್ 15, ಭಾನುವಾರ

ಕದಿರೇಶ್‌ಗೆ ಇವತ್ತು ರಜೆ. ಅತ್ತೆಗೆ ವಿಷಯ ಹೇಳುವ ಕೆಲಸ ಅವರಿಗೆ ವಹಿಸಿದೆ. ನನ್ನ ಅತ್ತೆ ವೆಂಕಟರತ್ನಮ್ಮ ಹುಟ್ಟಿದ್ದು ಗಡಿಯ ಆ ಕಡೆ, ಮದುವೆಯಾಗಿ ಬಂದು ನಲವತ್ತು ವರ್ಷವಾದರೂ ನಾಲಿಗೆ ಆ ಕಡೆಯೇ ಉಳಿದಿದೆ. ನಮ್ಮೂರಿನಲ್ಲಿ ಅದರಿಂದ ಯಾರಿಗೂ ತೊಂದರೆಯಿಲ್ಲ, ಇಲ್ಲಿ ಅರ್ಧ ಊರೇ ತೆಲುಗು. ನಾನು ಬಂದ ಮೇಲೆ ಈ ಮನೆಯಲ್ಲಿ ಕನ್ನಡ ಬಂತು. ಎಂಟು ವರ್ಷದಿಂದ ಅವರು ತೆಲುಗಿನಲ್ಲಿ ಹೇಳುತ್ತಾರೆ, ನಾನು ಕನ್ನಡದಲ್ಲಿ ಉತ್ತರ ಕೊಡುತ್ತೇನೆ. ಅವರ ಒಂದೊಂದು ಮಾತೂ ನನಗೆ ಅರ್ಥವಾಗುತ್ತದೆ, ನನ್ನದು ಅವರಿಗೆ. ಜಗಳ ಕೂಡ ಹೀಗೆಯೇ ನಡೆಯುತ್ತದೆ.

ಅತ್ತೆ ಅಂಗಳದಲ್ಲಿ ಕೂತು ಸೊಪ್ಪು ಕತ್ತರಿಸುತ್ತಿದ್ದರು. ಕದಿರೇಶ್ ಎಲ್ಲಿಂದಲೋ ಶುರುಮಾಡಿ ಎಲ್ಲಿಗೋ ಹೋದರು. ಟಿಕೆಟ್ ಕೊಟ್ಟು ಚಿಲ್ಲರೆ ಕೊಡದ ಕಂಡಕ್ಟರನ ಹಾಗೆ ಮಾತು ಎಳೆದರು. ಅತ್ತೆ ಕುಡುಗೋಲು ಕೆಳಗಿಟ್ಟರು.

"ಅಂಟೇ, ನಾ ವಲ್ಲನಾ?" ಅಂದರು. ನನ್ನಿಂದಲಾ ಹೀಗಾಗಿರುವುದು ಎಂದು.

"ಕಾದಮ್ಮಾ, ಅಟ್ಲ ಕಾದು" ಎಂದು ಕದಿರೇಶ್ ಅವಸರವಾಗಿ ಅಂದರು, ಅಲ್ಲಮ್ಮ, ಹಾಗಲ್ಲ ಎಂದು. ಅತ್ತೆ ಅವರ ಮುಖ ನೋಡಲಿಲ್ಲ, ನನ್ನ ಮುಖ ನೋಡಿದರು. ನಾನು ಒಳಗೆ ಹಾಲು ಉಕ್ಕುತ್ತಿದೆ ಎಂದು ಹೋದೆ. ಹಾಲು ಒಲೆಯ ಮೇಲೆ ಇರಲಿಲ್ಲ.

ಜೂನ್ 19, ಗುರುವಾರ

ಬೆಳಗ್ಗೆ ಅತ್ತೆ ಮರೆತರು. ತಟ್ಟೆಯಲ್ಲಿ ಮುದ್ದೆ ಮುರಿದು ಇಟ್ಟುಕೊಂಡು "ದಾ ತಲ್ಲೀ, ದಾ" ಎಂದು ಕರೆದರು. ಚಂದನ ಬಾವಿಕಟ್ಟೆಯ ಹತ್ತಿರ ಇದ್ದವಳು ಓಡಿ ಬಂದಳು. "ಅತ್ತೆ!" ಎಂದು ನಾನು ಅಡುಗೆ ಮನೆಯಿಂದಲೇ ಕೂಗಿದೆ. ಅತ್ತೆ ಬಾಯಿ ಮುಚ್ಚಿದರು. ಚಂದನ ಅಂಗಳದ ನಡುವೆ ನಿಂತುಬಿಟ್ಟಳು. ಬಾ ಚಂದು, ಬಾ ಮಗಳೇ ಎಂದು ನಾಲ್ಕು ಸಲ ಕರೆದೆ. ಬರಲಿಲ್ಲ. ಹಠ.

ಜೂನ್ 28, ಶನಿವಾರ

ಈ ವಾರ "ಬಾ" ಒಂದು ಸಲ, ನೀರಿಗೆ "ನೀ" ಎಂದು ಎರಡು ಸಲ. ಒಟ್ಟು ಮೂರು. ಮೇಡಂ ಪುಸ್ತಕದಲ್ಲಿ ಐದು ಎಂದು ಬರೆದೆ. ಸುಳ್ಳು ಬರೆಯುವುದಕ್ಕೆ ಕಾರಣ ಏನೂ ಇಲ್ಲ, ಮೂರು ಎಂದು ಬರೆದರೆ ನೋಡಲು ಚೆನ್ನಾಗಿರಲಿಲ್ಲ. ಮೇಡಂ "ವೆರಿ ಗುಡ್, ಹಿಂಗೇ ಹೋಗ್ಲಿ" ಅಂದರು. ಬಸ್ಸಿನಲ್ಲಿ ಬರುವಾಗ ನನಗೆ ತುಂಬಾ ದಿನದ ಮೇಲೆ ನಿದ್ದೆ ಬಂತು. ಚಂದನ ನನ್ನ ಸೆರಗಿನ ದಾರ ಎಳೆಯುತ್ತಾ ಏನೋ ಗುನುಗುತ್ತಿದ್ದಳು. ಕಣ್ಣು ಬಿಟ್ಟಾಗ ಮುಳಬಾಗಿಲು.

ಜುಲೈ 6, ಭಾನುವಾರ

ತಂಗಿ ಪವಿತ್ರ ಇಂಗ್ಲೆಂಡಿನಿಂದ ವಿಡಿಯೋ ಕಾಲ್ ಮಾಡಿದ್ದಳು. ಅಲ್ಲಿ ನರ್ಸ್ ಆಗಿ ಹೋಗಿ ಆರು ವರ್ಷವಾಯಿತು. ಗಂಡನೂ ಅದೇ ಆಸ್ಪತ್ರೆಯಲ್ಲಿ. ಅವಳ ಮಗನಿಗೆ ನಾಲ್ಕು ವರ್ಷ. ಕಾಲ್ ಮಾಡಿದಾಗಲೆಲ್ಲ ಅವನು ಒಂದು ಕ್ಷಣ ಕಾಣಿಸುತ್ತಾನೆ, ತಕ್ಷಣ ಅವಳು ಫೋನು ಬೇರೆ ಕಡೆ ತಿರುಗಿಸುತ್ತಾಳೆ. ನನ್ನ ಕಣ್ಣು ಬೀಳುತ್ತದೆ ಎಂದೇನೋ.

"ಚಂದು ಹೇಗವ್ಳೆ ಅಕ್ಕ? ಥೆರಪಿ ನಡೀತಾ ಇದ್ಯಾ?"

"ಬ್ರಹ್ಮಾಂಡವಾಗಿ ನಡೀತಾ ಇದೆ" ಅಂದೆ.

ಚಂದನ ಅಲ್ಲಿ ಹುಟ್ಟಿದ್ದರೆ ಎಂದು ಯೋಚಿಸುತ್ತೇನೆ. ಅಲ್ಲಿ ಸರ್ಕಾರದವರೇ ಮನೆಗೆ ಬಂದು ಮಗುವನ್ನು ನೋಡಿಕೊಂಡು ಹೋಗುತ್ತಾರಂತೆ. ಎಲ್ಲ ಬಿಟ್ಟಿ. ಇಲ್ಲಿ ನಾನು ಎರಡು ಬಸ್ಸು ಹತ್ತಿ, ಹತ್ತು ಹನ್ನೆರಡು ಮಕ್ಕಳ ಹಿಂದೆ ಕೂತು, ಗಂಟಲು ಕಟ್ಟಿದ ಮೇಡಂ ಹತ್ತಿರ ಮುಕ್ಕಾಲು ಗಂಟೆ ಬೇಡುತ್ತೇನೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ನಾವು. ಅಸೂಯೆ ಅಲ್ಲ ಎಂದು ಬರೆಯಬೇಕೆಂದಿದ್ದೆ, ಆದರೆ ಅಸೂಯೆಯೇ.

ಜುಲೈ 11, ಶುಕ್ರವಾರ

ಅತ್ತೆ ಕನ್ನಡ ಕಲಿಯುತ್ತಿದ್ದಾರೆ! ಅವರಿಗೆ ಗೊತ್ತಿರುವ ಕನ್ನಡವೆಲ್ಲ ಮಗನ ಬಸ್ಸಿನಲ್ಲಿ ಮತ್ತು ರೇಷನ್ ಅಂಗಡಿಯಲ್ಲಿ ಕೇಳಿದ್ದು. ಮಧ್ಯಾಹ್ನ ಚಂದನಳನ್ನು ಊಟಕ್ಕೆ ಕೂರಿಸಿ, "ಮುಂದೆ ಬನ್ನಿ, ಮುಂದೆ ಬನ್ನಿ. ಜಾಗ ಐತೆ" ಅಂದರು. ಆಮೇಲೆ ಸ್ವಲ್ಪ ಯೋಚಿಸಿ, "ತಮ್ಮ ಹೆಸರೇನು?" ಅಂದರು. ನನಗೆ ನಗು ತಡೆಯಲಾಗಲಿಲ್ಲ. ಅತ್ತೆಯೂ ನಕ್ಕರು. ಎಷ್ಟೋ ತಿಂಗಳ ಮೇಲೆ ಇಬ್ಬರೂ ಒಟ್ಟಿಗೆ ನಕ್ಕೆವು.

ಚಂದನ ಅವರ ಮುಖ ನೋಡುತ್ತಾ ಇದ್ದಳು. ಅತ್ತೆ ಇನ್ನೊಂದು ಸಲ "ಬನ್ನಿ" ಅಂದರು. ಅವಳು ಗೋಡೆಯ ಕಡೆ ತಿರುಗಿ ಕೂತಳು. ಅತ್ತೆ ಮುದ್ದೆಯ ತಟ್ಟೆ ನನ್ನ ಕೈಗೆ ಕೊಟ್ಟು ಹುಳು ಮನೆಗೆ ಹೋದರು. ಇನ್ನು ಕನ್ನಡದ ಪ್ರಯತ್ನ ಮಾಡುವ ಹಾಗೆ ಕಾಣಲಿಲ್ಲ.

ಜುಲೈ 19, ಶನಿವಾರ

ಹೋಗಲಾಗಲಿಲ್ಲ. ಹುಳುಗಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದಿವೆ. ಈ ಒಂದು ವಾರ ಅವು ತಿನ್ನುವುದಕ್ಕೆ ಲೆಕ್ಕವೇ ಇಲ್ಲ, ಹೊತ್ತು ಹೊತ್ತಿಗೆ ಸೊಪ್ಪು ಬೀಳದಿದ್ದರೆ ಗೂಡು ಪೊಳ್ಳಾಗುತ್ತದೆ. ಸೊಪ್ಪು ಕೊಯ್ಯಲು ಬರುತ್ತೇನೆಂದವರು ಬರಲಿಲ್ಲ. ಕದಿರೇಶ್ ಡ್ಯೂಟಿಯ ಮೇಲಿದ್ದಾರೆ. ಸೆಂಟರಿಗೆ ಫೋನು ಮಾಡಿದೆ. "ಮುಂದಿನ ವಾರ ಬರ್ಲೇಬೇಕಮ್ಮ" ಅಂದರು. ಗೊತ್ತು.

ಫೋನಿನಲ್ಲಿ ಕದಿರೇಶ್, "ಹುಳಾನ ಅಮ್ಮನಿಗೆ ಬಿಟ್ಟು ನೀನ್ ಹೋಗ್ಬೇಕಾಗಿತ್ತು ಕಣೇ" ಅಂದರು. ಅರವತ್ತೈದು ವರ್ಷದವರು ಒಬ್ಬರೇ ಅಷ್ಟು ಸೊಪ್ಪು ಹೊರುತ್ತಾರಾ? ಇಟ್ಟುಬಿಟ್ಟೆ ಫೋನು.

ಜುಲೈ 21, ಸೋಮವಾರ

ಇವತ್ತಿನದು ಬರೆಯಲೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ.

ಮಧ್ಯಾಹ್ನ ಚಂದನ ಕಾಣಲಿಲ್ಲ. ಬಾವಿ ನೋಡಿ, ರಸ್ತೆ ನೋಡಿ, ಕೊನೆಗೆ ಹುಳು ಮನೆಗೆ ಹೋದೆ. ಒಳಗೆ ಮಾತು ಕೇಳಿಸಿತು. ಬಾಗಿಲ ಹೊರಗೇ ನಿಂತೆ. ಅತ್ತೆ ತಟ್ಟೆಗಳ ಮೇಲೆ ಸೊಪ್ಪು ಹರಡುತ್ತಾ ಹುಳುಗಳಿಗೆ ತೆಲುಗಿನಲ್ಲಿ ಹೇಳುತ್ತಿದ್ದರು. ತಿನ್ನಿ, ಚೆನ್ನಾಗಿ ತಿನ್ನಿ, ಇನ್ನೆರಡೇ ದಿನ, ಆಮೇಲೆ ನಿಮ್ಮ ಮನೆ ನೀವು ಕಟ್ಟಿಕೊಳ್ಳಬೇಕು. ನೀನ್ಯಾಕೆ ಮೂಲೆಯಲ್ಲಿದ್ದೀಯ, ಅವನು ತಳ್ಳಿದನಾ? ಬಾ ಈ ಕಡೆ. ಹೀಗೆ. ಒಬ್ಬೊಬ್ಬರನ್ನೇ ಕರೆದು ಮಾತಾಡಿಸುವ ಹಾಗೆ. ಚಂದನ ಕೆಳಗಿನ ತಟ್ಟೆಯ ಅಡಿ ಮೊಣಕಾಲು ಮಡಿಸಿ ಕೂತಿದ್ದಳು. ಕಣ್ಣು ನೆಲದ ಮೇಲೆ. ಗುನುಗುತ್ತಿದ್ದಳು.

ಹುಳುಗಳ ಜೊತೆ ಮಾತಾಡಬೇಡಿ ಎಂದು ಮೇಡಂ ಹೇಳಿಲ್ಲ. ಆದರೂ ಒಳಗೆ ಹೋಗಿ, "ಅವಳು ಇರುವಾಗ ಬೇಡ ಅತ್ತೆ. ಸುಮ್ನೆ ಬಸ್ಸು ಹತ್ತಿ ಇಳೀತಾ ಇದೀನಾ ನಾನು?" ಅಂದೆ. ನನ್ನ ದನಿ ಜೋರಾಗಿತ್ತು. ಚಂದನ ಕಿವಿ ಮುಚ್ಚಿಕೊಂಡಳು.

ಅತ್ತೆ ತಲೆಯಾಡಿಸಿದರು, ಸೊಪ್ಪು ಹರಡಿದರು. ನಾನು ಮಾಡಿದ್ದು ಸರಿಯೇ. ನಿಯಮ ಎಂದರೆ ನಿಯಮ. ಅರ್ಧಂಬರ್ಧ ಮಾಡಿದರೆ ಆರು ತಿಂಗಳೂ ನೀರಿಗೆ ಹೋಗುತ್ತದೆ.

ಜುಲೈ 26, ಶನಿವಾರ

ಹಣ್ಣಾದ ಹುಳುಗಳನ್ನೆಲ್ಲ ಬಿದಿರಿನ ಚಂದ್ರಿಕೆಗೆ ಬಿಟ್ಟಾಯಿತು. ಗೂಡು ಕಟ್ಟಿವೆ. ಕಾಯುವುದನ್ನು ಅತ್ತೆಗೆ ಬಿಟ್ಟು ಕೋಲಾರಕ್ಕೆ ಹೋದೆ.

ಪುಸ್ತಕ ನೋಡಿ ಮೇಡಂ, "ಈ ವಾರ ಏನೂ ಇಲ್ವಾ?" ಅಂದರು. ಇಲ್ಲ ಅಂದೆ. ಈ ಸಲ ಸುಳ್ಳು ಬರೆಯುವುದಕ್ಕೂ ಏನೂ ಇರಲಿಲ್ಲ. ಚಂದನ ಮೇಡಂ ಕೊಟ್ಟ ಚಿತ್ರಗಳನ್ನು ಮುಟ್ಟಲಿಲ್ಲ.

"ಮುಂಚೆ ಏನೋ ಗುನುಗ್ತಾ ಇದ್ಲಲ್ಲಮ್ಮ ಇವ್ಳು?"

ಹೌದಲ್ಲ ಅನ್ನಿಸಿತು. ಯಾವಾಗ ನಿಲ್ಲಿಸಿದಳೋ ನನಗೆ ಗೊತ್ತಿಲ್ಲ. ತಾಯಿಗೆ ಗೊತ್ತಿರಬೇಕಿತ್ತು. ಕೆಲವು ಮಕ್ಕಳು ಹೀಗೆ ಹಿಂದೆ ಹೋಗಿ ಮುಂದೆ ಬರುತ್ತಾರೆ, ಬಿಡಬೇಡಿ ಅಂದರು.

ಆಗಸ್ಟ್ 2, ಶನಿವಾರ

ಸೊನ್ನೆ. ಬಸ್ಸಿನಲ್ಲಿ ಸೀಟೂ ಇರಲಿಲ್ಲ.

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ ಹಬ್ಬ. ಅರಿಶಿನ ಕುಂಕುಮಕ್ಕೆ ಎದುರು ಮನೆಯ ದೊಡ್ಡಗಂಗಮ್ಮ ಬಂದಿದ್ದರು. ಅವರು ಮತ್ತು ಅತ್ತೆ ಸೇರಿದರೆ ಮುಂಚೆ ಮನೆಯಲ್ಲಿ ರೇಡಿಯೋ ಬೇಕಾಗಿರಲಿಲ್ಲ. ಇವತ್ತು ದೊಡ್ಡಗಂಗಮ್ಮ ಒಬ್ಬರೇ ಮಾತಾಡಿದರು. ಚಂದನ ಅಲ್ಲೇ ಇದ್ದಳು, ಅದಕ್ಕೆ ಅತ್ತೆ ಬರೀ ತಲೆಯಾಡಿಸಿದರು. ಸ್ವಲ್ಪ ಹೊತ್ತಾದ ಮೇಲೆ ಎದ್ದು ಹೊರಗೆ ಹೋಗಿ ಹೊಂಗೆ ಮರದ ಕೆಳಗೆ ಕೂತರು.

"ನಿಮ್ಮತ್ತೆಗೇನಾಗಿದೆ ಅನಿತಾ? ಮಾತೇ ಬಿಟ್ಬಿಟ್ಟವ್ಳೆ. ನಿನ್ನೆ ಬೀದೀಲಿ ಸಿಕ್ಕಿದ್ರೂ ಹಂಗೇ. ಮಗು ಜೊತೇಲಿತ್ತು, ಬಾಯ್ ಮೇಲೆ ಬೆರಳಿಟ್ಟು ತೋರ್ಸಿದ್ಲು ನಂಗೆ."

ವಯಸ್ಸಾಯ್ತಲ್ಲ ಅಂದೆ. ದೊಡ್ಡಗಂಗಮ್ಮ ನನಗಿಂತ ಹೆಚ್ಚು ಕಂಡವರು. ತಾಂಬೂಲ ತೆಗೆದುಕೊಂಡು ಹೊರಟುಹೋದರು.

ಎರಡು ದಿನದಿಂದ ಗಮನಿಸುತ್ತಿದ್ದೇನೆ, ಅತ್ತೆ ಒಬ್ಬರೇ ಇರುವಾಗಲೂ ಮಾತಾಡುತ್ತಿಲ್ಲ. ಹೋದ ತಿಂಗಳು ಹಸು ಕಟ್ಟುವಾಗ ಹಸುವನ್ನು ಬೈಯುತ್ತಿದ್ದರು. ಈಗ ಹಸುವಿಗೂ ಬೈಗುಳ ಇಲ್ಲ.

ಆಗಸ್ಟ್ 10, ಭಾನುವಾರ

ಪವಿತ್ರ ಫೋನು ಮಾಡಿ ಅತ್ತಳು. ಏನು ಎತ್ತ ಎಂದು ಕೇಳುವುದರೊಳಗೆ ಫೋನನ್ನು ಅವಳೇ ತಿರುಗಿಸಿ ಮಗನನ್ನು ತೋರಿಸಿದಳು. ಅವನು ನೆಲದ ಮೇಲೆ ಮಲಗಿ ಒಂದು ಆಟಿಕೆ ಕಾರಿನ ಚಕ್ರ ತಿರುಗಿಸುತ್ತಿದ್ದ. ಪವಿತ್ರ ಕರೆದರೂ ನೋಡಲಿಲ್ಲ. ನಾನು ಒಂದು ನಿಮಿಷ ನೋಡಿದೆ. ಅಷ್ಟು ಸಾಕಾಗಿತ್ತು. ಆ ಚಕ್ರ ತಿರುಗಿಸುವುದು ನನ್ನ ಮನೆಯಲ್ಲೂ ಇದೆ.

"ಯಾಕೆ ಹೇಳ್ಲಿಲ್ಲ ನಂಗೆ?"

"ನಿಂಗೇ ಅಷ್ಟಿದೆಯಲ್ಲಕ್ಕ. ಜೊತೆಗೆ ನಂದೂ ಯಾಕೆ ಅಂತ."

ಅಲ್ಲಿ ಹೆಸರು ಬರೆಸಿ ಹತ್ತೊಂಬತ್ತು ತಿಂಗಳಾಗಿದೆಯಂತೆ. ಆಟಿಸಂ ಹೌದೋ ಅಲ್ಲವೋ ಎಂದು ಹೇಳುವ ಡಾಕ್ಟರ ಸರದಿಗೇ ಇನ್ನೂ ಒಂದು ವರ್ಷ ಬೇಕು ಎಂದು ನಿನ್ನೆ ಕಾಗದ ಬಂದಿದೆ. "ಎಲ್ಲಾ ಫ್ರೀ ಕಣಕ್ಕ. ಬರೀ ಸರದಿ ಬರಲ್ಲ ಅಷ್ಟೆ." ಆರು ವರ್ಷದಿಂದ ಮನಸ್ಸಿನಲ್ಲೇ ಅವಳನ್ನು ಬಂಗಾರದ ತಟ್ಟೆಯಲ್ಲಿ ಊಟ ಮಾಡಿಸುತ್ತಿದ್ದೆ. ಇಬ್ಬರೂ ಒಂದೇ ಕ್ಯೂನಲ್ಲಿ ನಿಂತಿದ್ದೇವೆ, ಅವಳದು ಸ್ವಲ್ಪ ಚಳಿಯಲ್ಲಿ.

ಆಮೇಲೆ ಅವಳು ಹೇಳಿದ್ದು. ಸರದಿ ಬರುವವರೆಗೆ ಎಂದು ತಿಂಗಳಿಗೊಂದು ಸಲ ಇಂಥ ಅಮ್ಮಂದಿರನ್ನೆಲ್ಲ ಒಂದು ದೊಡ್ಡ ಕೋಣೆಯಲ್ಲಿ ಕೂರಿಸಿ ಮಾತಾಡುತ್ತಾರಂತೆ. ಪೋಲೆಂಡಿನವಳೊಬ್ಬಳು, ಸೋಮಾಲಿಯಾದವಳೊಬ್ಬಳು, ನಮ್ಮ ಪವಿತ್ರ. ಮೂವರೂ ಮನೆಯ ಮಾತು ಬಿಟ್ಟು ಮಗುವಿನ ಹತ್ತಿರ ಹರಕುಮುರುಕು ಇಂಗ್ಲಿಷ್ ಮಾತಾಡುತ್ತಿದ್ದವರೇ. ಒಬ್ಬಳಿಗೆ ಹಾಗೆ ಮಾಡು ಎಂದು ಹೇಳಿದ್ದು ನರ್ಸರಿಯವರು, ಇನ್ನೊಬ್ಬಳಿಗೆ ಗಂಡ, ಪವಿತ್ರಳಿಗೆ ಯಾರೂ ಹೇಳಿರಲಿಲ್ಲ, ಅವಳೇ ಅಂದುಕೊಂಡಿದ್ದು.

"ಮಾತು ಕಲಿಸೋ ಅವ್ರು ಏನಂದ್ರು ಗೊತ್ತಾ ಅಕ್ಕ? ಎರಡು ಭಾಷೆಯಿಂದ ಇಂಥ ಮಕ್ಕಳಿಗೆ ಏನೂ ಆಗಲ್ಲ. ನಿಮಗೆ ಯಾವ್ ಭಾಷೇಲಿ ಮುದ್ದು ಮಾಡೋಕ್ ಬರುತ್ತೋ ಅದ್ರಲ್ಲೇ ಮಾತಾಡಿ ಅಂದ್ರು. ನಾನು ಒಂದೂವರೆ ವರ್ಷ ಅವನನ್ನ ಬಾರೋ ಕಳ್ಳ ಅಂತ ಕರೆದಿರ್ಲಿಲ್ಲ ಕಣಕ್ಕ."

ಬ್ಯಾಟರಿ ಮುಗಿಯುತ್ತಿದೆ ಅಂದೆ. ಮುಗಿಯುತ್ತಿರಲಿಲ್ಲ.

ಆಗಸ್ಟ್ 11, ಸೋಮವಾರ

ಇದನ್ನು ಒಂದು ಸಲ ನೆಟ್ಟಗೆ ಬರೆದುಬಿಡುತ್ತೇನೆ.

ಮೇಡಂ ಆ ದಿನ ಕೇಳಿದ್ದು ಮಗುವಿಗೆ ಯಾವ ಭಾಷೆ ಚೆನ್ನಾಗಿ ಅರ್ಥವಾಗುತ್ತದೆ ಎಂದು. ನಾನು ಕನ್ನಡ ಅಂದೆ. ಅದು ಸುಳ್ಳು. ಹೇಳುವಾಗಲೇ ಸುಳ್ಳು ಎಂದು ಗೊತ್ತಿತ್ತು. ಅತ್ತೆ "ದಾ" ಅಂದರೆ ಬರುತ್ತಿದ್ದಳು, "ಬುವ್ವ" ಅಂದರೆ ತಟ್ಟೆಯ ಮುಂದೆ ಕೂರುತ್ತಿದ್ದಳು, "ಪಂಡುಕೋ" ಅಂದರೆ ಮಲಗುತ್ತಿದ್ದಳು. ನಾನು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಹೆತ್ತವಳು ಕರೆದರೆ ಬಾರದ ಮಗು ಮುದುಕಿ ಕರೆದರೆ ಓಡುತ್ತದೆ ಎಂದು ಯಾವ ಬಾಯಿಂದ ಹೇಳಲಿ? ಎಂಟು ವರ್ಷದಿಂದ ಈ ಮನೆಯಲ್ಲಿ ನಾನೊಬ್ಬಳೇ ಕನ್ನಡದವಳು. ನನ್ನ ಮಗಳಾದರೂ ನನ್ನ ಕಡೆ ಇರಲಿ ಎಂದು ಆಸೆ. ಮೇಡಂ ಬಾಯಿಂದ ನಿಯಮ ಬಂತು, ಭಾಷೆಯನ್ನು ಆರಿಸಿದವಳು ನಾನು.

ಕದಿರೇಶ್‌ಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೂಟು ಕಳಚುತ್ತಾ ಕೂತಿದ್ದವರು ಇನ್ನೊಂದು ಬೂಟು ಕಳಚಲೇ ಇಲ್ಲ. "ನಂಗೂ ಗೊತ್ತಿತ್ತು. ನೀನು ಬೇಜಾರ್ ಮಾಡ್ಕೋತೀಯ ಅಂತ ಸುಮ್ನಿದ್ದೆ" ಅಂದರು. ಇದನ್ನು ಕೇಳಿ ನನಗೆ ಬಂದ ಸಿಟ್ಟು ಬೈದಿದ್ದರೂ ಬರುತ್ತಿರಲಿಲ್ಲ.

ಆಗಸ್ಟ್ 16, ಶನಿವಾರ

ಮೇಡಂ ಹತ್ತಿರ ಎಲ್ಲ ಹೇಳಿದೆ. ಪವಿತ್ರ ಹೇಳಿದ್ದನ್ನೂ, ನನ್ನ ಸುಳ್ಳನ್ನೂ. ಜಗಳವಾಡುವ ಉದ್ದೇಶದಿಂದಲೇ ಹೋಗಿದ್ದೆ. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ನಾವು ಓದುವಾಗ ಒಂದೇ ಭಾಷೆ ಅಂತಾನೇ ಹೇಳ್ಕೊಟ್ಟಿದ್ರು. ಈಗ ಬೇರೆ ಥರ ಹೇಳ್ತಾರೆ, ಕೇಳಿದೀನಿ. ಆದ್ರೆ ನಂಗೆ ತೆಲುಗು ಬರಲ್ಲಮ್ಮ. ಈ ಹದಿನಾಲ್ಕು ಮಕ್ಕಳಲ್ಲಿ ಒಂಬತ್ತು ತೆಲುಗು ಮನೆಯವು. ತೆಲುಗು ಬರೋರನ್ನ ಕಳ್ಸಿ ಅಂತ ಎರಡು ವರ್ಷದಿಂದ ಕೇಳ್ತಾನೇ ಇದೀನಿ."

ಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿ, "ನಾನು ತಪ್ಪು ಹೇಳ್ದೆ. ನಿಮ್ಮತ್ತೆನ ಮಾತಾಡೋಕ್ ಹೇಳಿ. ಮೊದ್ಲು ಹೇಗಿತ್ತೋ ಹಾಗೆ" ಅಂದರು. ಜಗಳಕ್ಕೆ ಇಟ್ಟುಕೊಂಡಿದ್ದ ಮಾತೆಲ್ಲ ಹಾಗೆಯೇ ಉಳಿಯಿತು. ಹೊರಗೆ ಬೆಂಚಿನ ಮೇಲೆ ಮುಂದಿನ ಮಗುವಿನ ಅಮ್ಮ ಮಗುವಿಗೆ ಹರಕು ಕನ್ನಡದಲ್ಲಿ ಏನೋ ಹೇಳುತ್ತಿದ್ದಳು. ಅವಳನ್ನು ನೋಡಿದೆ, ಮಾತಾಡಿಸಲು ಶಕ್ತಿ ಇರಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು.

ಆಗಸ್ಟ್ 17, ಭಾನುವಾರ

ಅತ್ತೆಗೆ ನಾನೇ ಹೇಳಿದೆ. ಕದಿರೇಶ್ ಹೇಳುತ್ತೇನೆ ಎಂದರು, ಬೇಡ ಅಂದೆ. ಇನ್ನು ಮೇಲೆ ಚಂದನಳ ಜೊತೆ ತೆಲುಗಿನಲ್ಲೇ ಮಾತಾಡಿ ಅತ್ತೆ, ಏನೂ ಆಗಲ್ಲವಂತೆ, ತಪ್ಪಾಯ್ತು, ತಪ್ಪು ನನ್ನದು ಎಂದು. ತಪ್ಪಾಯ್ತು ಎಂದು ಅವರಿಗೆ ಹೇಳಿದ್ದು ಇದೇ ಮೊದಲು. ಅವರು ಸಂತೋಷಪಡುತ್ತಾರೆ, ಇಲ್ಲವೇ ನಾಲ್ಕು ಮಾತು ಅನ್ನುತ್ತಾರೆ ಅಂದುಕೊಂಡಿದ್ದೆ.

"ನಾಕೊದ್ದಮ್ಮಾ" ಅಂದರು. ಬೇಡಮ್ಮ ನನಗೆ. "ಮಳ್ಳೀ ಚೆಡಿಪೋತೇ?"

ಮತ್ತೆ ಕೆಟ್ಟುಹೋದರೆ? ಎರಡು ತಿಂಗಳಿಂದ ಅವರು ಅದನ್ನೇ ನಂಬಿಕೊಂಡು ಬದುಕಿದ್ದಾರೆ, ತಮ್ಮ ನಾಲಿಗೆಯಿಂದಲೇ ಮೊಮ್ಮಗಳು ಮೂಕಿಯಾದಳು ಎಂದು. ಜೂನ್‌ನಲ್ಲಿ ಅವರು ನನ್ನ ಮುಖ ನೋಡಿ ಕೇಳಿದಾಗ ನಾನು ಒಂದೇ ಒಂದು ಸಲ ಅಲ್ಲ ಎಂದಿದ್ದರೆ ಸಾಕಿತ್ತು. ನಾನು ಎಷ್ಟು ಹೇಳಿದರೂ ಅತ್ತೆ ಕೈ ಅಡ್ಡ ಆಡಿಸಿದರು. ದನಿ ಗೊರಗೊರ ಎನ್ನುತ್ತಿತ್ತು. ಬಳಸದೆ ಇಟ್ಟ ದನಿ.

ಆಗಸ್ಟ್ 21, ಗುರುವಾರ

ಹೊಸ ಬೆಳೆಗೆ ಹುಳು ಮನೆ ತೊಳೆದು ಸುಣ್ಣ ಬಳಿದೆವು. ನಾನೂ ಅತ್ತೆಯೂ, ಒಂದು ಮಾತಿಲ್ಲದೆ.

ಮಧ್ಯಾಹ್ನ ಚಂದನಳ ಮುಂದೆ ಕೂತು ನಾನೇ "ದಾ ತಲ್ಲೀ, ದಾ" ಅಂದೆ. ಅವಳು ನನ್ನ ಬಾಯಿಯ ಕಡೆ ಒಂದು ಕ್ಷಣ ನೋಡಿದಳು. ನಂತರ ಎದ್ದು ಹೋದಳು. ಅವಳಾಗಿಯೇ ಅಜ್ಜಿಯ ಹತ್ತಿರ ಹೋಗುವುದನ್ನು ನಿಲ್ಲಿಸಿ ಒಂದು ತಿಂಗಳಾಯಿತು. ಬುವ್ವ ತಿನ್ನುವಾಗಲೂ ಒಬ್ಬಳೇ.

ಆಗಸ್ಟ್ 24, ಭಾನುವಾರ

ಬೆಳಗ್ಗೆ ಅತ್ತೆ ಜಗಲಿಯ ಮೇಲೆ ರಾಗಿ ಕೇರುತ್ತಿದ್ದರು. ನಾನು ಅಂಗಳದಲ್ಲಿ ಸಗಣಿ ನೀರು ಹಾಕುತ್ತಿದ್ದೆ. ಚಂದನ ಒಳಗಿನಿಂದ ಬಂದು ಅವರ ಎದುರು ನಿಂತಳು. ಅತ್ತೆ ಮೊರ ನಿಲ್ಲಿಸಿದರು. ಕರೆಯಲಿಲ್ಲ, ಕೈ ಚಾಚಲಿಲ್ಲ. ಅವಳನ್ನು ಬೆದರಿಸಬಾರದು ಎಂಬಂತೆ ಕೂತರು.

ಚಂದನ ಕೈ ಎತ್ತಿ ಅವರ ಗಲ್ಲ ಹಿಡಿದಳು. ಆಮೇಲೆ ಎರಡು ಬೆರಳು ಅವರ ತುಟಿಗಳ ನಡುವೆ ಇಟ್ಟು ಬಿಡಿಸತೊಡಗಿದಳು. ಬಿಸ್ಕತ್ತು ಡಬ್ಬದ ಮುಚ್ಚಳ ತೆಗೆಯುವಾಗ ಹೀಗೆಯೇ ಮಾಡುತ್ತಾಳೆ, ಹುಬ್ಬು ಗಂಟಿಕ್ಕಿಕೊಂಡು, ಉಗುರು ಹಾಕಿ. ಅತ್ತೆ ತುಟಿ ಬಿಗಿಹಿಡಿದಿದ್ದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ತುಟಿ ಮಾತ್ರ ಬಿಡಲಿಲ್ಲ. ಚಂದನ ಇನ್ನೊಂದು ಕೈಯನ್ನೂ ಹಾಕಿದಳು.

ಆಗ ಅತ್ತೆ ನನ್ನ ಕಡೆ ನೋಡಿದರು. ಅಪ್ಪಣೆಗೆ. ಅವರೇ ಕಟ್ಟಿದ ಮನೆಯಲ್ಲಿ, ಅವರದೇ ಮೊಮ್ಮಗಳ ಹತ್ತಿರ ಬಾಯಿ ತೆರೆಯಲು ನನ್ನ ಮುಖ ನೋಡಿದರು. ಆ ನೋಟ ನನಗೆ ತಡೆಯಲಾಗಲಿಲ್ಲ. ಸಗಣಿ ಕೈಯಲ್ಲೇ ಹತ್ತಿರ ಹೋಗಿ ಅವರ ಮುಂದೆ ಕೂತೆ.

"ಮಾಟ್ಲಾಡಂಡತ್ತಾ" ಅಂದೆ. "ಮೀ ವಲ್ಲ ಏಮೀ ಕಾಲೇದು. ಮಾಟ್ಲಾಡ್ರತ್ತಾ."

ನಿಮ್ಮಿಂದ ಏನೂ ಆಗಲಿಲ್ಲ, ಮಾತಾಡಿ ಅತ್ತೆ. ಎಂಟು ವರ್ಷದಲ್ಲಿ ಅವರ ಹತ್ತಿರ ನಾನು ಆಡಿದ ಮೊದಲ ತೆಲುಗು ಅದು. ಕೆಟ್ಟದಾಗಿತ್ತು, ಅರ್ಧ ಕನ್ನಡದ ರಾಗ. ಅವರು ನಗಲಿಲ್ಲ.

ಮೊದಲು ಬರೀ ಗೊಗ್ಗರು ಉಸಿರು ಬಂತು. ನಂತರ ಮಾತು ಬಂತು. ರಾಗಿಯ ಬಗ್ಗೆ, ರಾಗಿಯಲ್ಲಿದ್ದ ಕಲ್ಲಿನ ಬಗ್ಗೆ, ಬಾಗಿಲಲ್ಲಿ ನಿಂತಿದ್ದ ಕೋಳಿಯ ಬಗ್ಗೆ. ಚಂದನ ಬೆರಳು ತೆಗೆದಿರಲಿಲ್ಲ, ಅದಕ್ಕೆ ಮಾತೆಲ್ಲ ತೊದಲು ತೊದಲಾಗಿ ಕೇಳಿಸುತ್ತಿತ್ತು. ಚಂದನ ಒಂದು ಮಾತೂ ಆಡಲಿಲ್ಲ. ಅತ್ತೆ ಉಸಿರಿಗೆಂದು ನಿಲ್ಲಿಸಿದಾಗಲೆಲ್ಲ ಅದೇ ಎರಡು ಬೆರಳಿನಿಂದ ಮತ್ತೆ ಅವರ ತುಟಿ ಬಿಡಿಸಿದಳು.